ಹಸ್ತಪ್ರತಿಯಲ್ಲಿಲ್ಲದ ಸಾಲು

ನಾನು ಪ್ರೂಫ್ ನೋಡುವವಳು. ನೋಡುವುದು ಬೇರೆ, ಓದುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದ ಜನ ನನ್ನನ್ನು ಬಹಳ ಓದಿಕೊಂಡವಳೆಂದು ತಿಳಿದು ಮರ್ಯಾದೆ ಕೊಡುತ್ತಾರೆ. ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವುದೆಲ್ಲ ಕ್ರೈಸ್ತ ಪುಸ್ತಕಗಳು: ನಂಬಿಕೆಯ ಬಗ್ಗೆ, ಪ್ರಾರ್ಥನೆಯ ಬಗ್ಗೆ, ಚರ್ಚಿನಲ್ಲಿ ನಿಂತು ಪ್ರಸಂಗ ಮಾಡುವುದು ಹೇಗೆ, ಅದನ್ನು ಬರೆಯುವುದು ಹೇಗೆ, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುವುದು ಹೇಗೆ. ಹದಿನಾಲ್ಕು ವರ್ಷಗಳಲ್ಲಿ ಇಂಥ ಮುನ್ನೂರು ಪುಸ್ತಕಗಳ ಒಂದೊಂದು ಅಲ್ಪವಿರಾಮವೂ ನನ್ನ ಬೆರಳ ಕೆಳಗೆ ಹಾದುಹೋಗಿದೆ. ಅವುಗಳಲ್ಲಿ ಏನು ಹೇಳಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ನಾನು ಬೆಬ್ಬೆಬ್ಬೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಎಚ್ಚರಿಸಿದ್ದರು, ಅರ್ಥದ ಕಡೆ ಮನಸ್ಸು ಕೊಟ್ಟರೆ ಅಕ್ಷರ ತಪ್ಪಿಸಿಕೊಳ್ಳುತ್ತದೆ, ಅತ್ತ ತಲೆ ಹಾಕಬೇಡ ಎಂದು. ನಾನು ಹೇಳಿದ ಹಾಗೆ ಕೇಳುವವಳು, ತಲೆ ಹಾಕಲಿಲ್ಲ.

ಪ್ರೂಫಿಗೆ ಇಬ್ಬರು ಬೇಕು. ಒಬ್ಬರು ಲೇಖಕರ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ. ಇನ್ನೊಬ್ಬರು ಟೈಪಾಗಿ ಬಂದ ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು, ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ತಿದ್ದಬೇಕು. "ದೇವರ ತಾಳ್ಮೆ ದೊಡ್ಡದು ಅಲ್ಪ ನಮ್ಮದು ಚಿಕ್ಕದು ಪೂರ್ಣ ಪ್ಯಾರಾ" ಎಂದು ಓದು ಸಾಗುತ್ತದೆ. ಪ್ಯಾರಾ ಮುಗಿದಾಗ ನಾನು "ಆಯ್ತು" ಎನ್ನಬೇಕು, ಆಮೇಲೆ ಮುಂದಿನದು. ಬಾಗಿಲಾಚೆ ನಿಂತು ಕೇಳಿದವರು ಒಳಗಿರುವ ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡರೆ ಅವರ ತಪ್ಪಲ್ಲ.

ನನ್ನೆದುರು ಕೂತು ಓದುತ್ತಿದ್ದವರನ್ನು ಪ್ರೆಸ್ಸಿನವರು ಬೆನ್ನ ಹಿಂದೆ ಅರ್ಧಪಾದ್ರಿ ಎನ್ನುತ್ತಿದ್ದರು. ಪಾದ್ರಿಯಾಗಲು ನಾಲ್ಕು ವರ್ಷ ಓದಿ, ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ, ಮೊದಲ ಪ್ರಸಂಗದ ದಿನ ಚರ್ಚಿನ ಪೀಠ ಹತ್ತಿ, ಎದುರಿಗಿದ್ದ ಇನ್ನೂರು ಮುಖಗಳನ್ನು ಕಂಡು ಬಾಯಿ ಕಟ್ಟಿಹೋಗಿ, ಒಂದು ಮಾತೂ ಆಡದೆ ಕೆಳಗಿಳಿದು ಬಂದವರು. ಇಳಿದವರು ಮತ್ತೆ ಹತ್ತಲಿಲ್ಲ. ಇದನ್ನು ಅವರೇ ನನಗೆ ನಗುನಗುತ್ತ ಹೇಳಿದ್ದರು. ಆದರೆ ಭಾನುವಾರದ ಆರಾಧನೆಯಲ್ಲಿ ಯಾರಾದರೂ ಪೀಠದ ಮೆಟ್ಟಿಲು ಹತ್ತುವಾಗ ಅವರು ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎದುರಿಗೆ ಒಬ್ಬರೇ ಇದ್ದರೆ ಅವರ ದನಿಗೆ ಯಾವ ಭಯವೂ ಇರಲಿಲ್ಲ. ಎಂಥ ಒಣ ಪುಸ್ತಕವೂ ಅವರ ಬಾಯಲ್ಲಿ ಮೆತ್ತಗಾಗುತ್ತಿತ್ತು.

ನನಗೂ ಒಂದು ಅಡ್ಡಹೆಸರಿತ್ತು, ಕೆಂಪಿ. ಕೆಂಪು ಪೆನ್ನು ಕೈಬಿಡದವಳೆಂದು ಇಟ್ಟದ್ದು. ಹಸುವಿಗೆ ಇಡುವ ಹೆಸರು ಎಂದು ನಾನು ಜಗಳವಾಡಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಅವರೊಬ್ಬರು ಹಾಗೆ ಕರೆಯಲಿಲ್ಲ. ಯಾವ ಹೆಸರಿನಿಂದಲೂ ಕರೆಯಲಿಲ್ಲ ಅನ್ನಿ. ನಾನೂ ಅಷ್ಟೇ. ಹೊಸತರಲ್ಲಿ ಒಮ್ಮೆ ಬಾಯಿತಪ್ಪಿ "ರೀ, ಇಲ್ನೋಡಿ" ಎಂದುಬಿಟ್ಟಿದ್ದೆ. ಗಂಡನನ್ನು ಕರೆಯುವ ಹಾಗೆ ಕರೆದಳಲ್ಲ ಎಂದು ಬೈಂಡಿಂಗಿನ ಹೆಂಗಸರು ಒಂದು ತಿಂಗಳು ನನ್ನನ್ನು ಗೋಳು ಹೊಯ್ದುಕೊಂಡರು. ಅಲ್ಲಿಂದಾಚೆ ಅವರನ್ನು ಕರೆಯಬೇಕಾದಾಗ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದೆ.

ಸುತ್ತಿ ಬಳಸಿ ಹೇಳುವುದೇಕೆ, ನನಗೆ ಅವರ ಮೇಲೆ ಮನಸ್ಸಿತ್ತು. ಇಪ್ಪತ್ತು ಪುಟ ಆಗುವಷ್ಟರಲ್ಲಿ ನನ್ನ ಕತ್ತು ಹಿಡಿದುಕೊಳ್ಳುತ್ತದೆ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸರಿಯಾಗಿ ಆ ಹೊತ್ತಿಗೆ ಅವರು ಓದು ನಿಲ್ಲಿಸಿ, ಕನ್ನಡಕ ಒರೆಸುವ ಬಟ್ಟೆ ಎಲ್ಲಿ ಹೋಯಿತೆಂದು ಚೀಲ, ಡ್ರಾಯರ್, ಕುರ್ಚಿಯ ಕೆಳಗೆ ಎಲ್ಲ ಕಡೆ ತಡಕಾಡುತ್ತಿದ್ದರು. ನಾನು ಕತ್ತನ್ನು ಅತ್ತಿತ್ತ ತಿರುಗಿಸಿ ಸರಿಮಾಡಿಕೊಳ್ಳುವಷ್ಟರಲ್ಲಿ ಬಟ್ಟೆ ಸಿಗುತ್ತಿತ್ತು. ಅದು ಯಾವಾಗಲೂ ಅವರ ಅಂಗಿಯ ಜೇಬಿನಲ್ಲೇ ಇರುತ್ತದೆ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ತಿಳಿದ ದಿನ ಮನೆಗೆ ಹೋಗಿ ಅತ್ತುಬಿಟ್ಟೆ. ಅಕ್ಕ ಏನಾಯಿತೆಂದು ಕೇಳಿದಳು. ಕತ್ತು ನೋವು ಎಂದೆ.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಅವರು ಬಾಯಿಬಿಡಲಿ ಎಂದು ನೀನು, ನೀನು ಬಾಯಿಬಿಡಲಿ ಎಂದು ಅವರು, ಹೀಗೇ ಕೂತು ಇಬ್ಬರೂ ಹಲ್ಲುದುರಿಸಿಕೊಳ್ಳಿ ಎಂದು ಬೈಯುತ್ತಿದ್ದಳು. ನನಗಾಗ ನಲವತ್ತೊಂದು, ಅವರಿಗೆ ನಲವತ್ತೇಳು. ಹಲ್ಲುದುರಲು ಇನ್ನೂ ಸಮಯವಿದೆ ಎಂದು ನಾನು ಮೂಗು ಮುರಿಯುತ್ತಿದ್ದೆ.

ಹೋದ ವರ್ಷ ಅವರಿಗೊಂದು ಕಾಗದ ಬಂತು. ಆರು ಗಂಟೆ ಪ್ರಯಾಣದ ದೂರದಲ್ಲಿ, ಬೇರೊಂದು ಊರಿನಲ್ಲಿ, ಕಣ್ಣು ಕಾಣದ ಮಕ್ಕಳ ಶಾಲೆ. ಅಲ್ಲಿ ಪುಸ್ತಕಗಳನ್ನು ಓದಿ ಧ್ವನಿಮುದ್ರಣ ಮಾಡಿಕೊಡಲು ಒಬ್ಬರು ಬೇಕು, ಬರುತ್ತೀರಾ, ಮುಂದಿನ ಸೋಮವಾರದೊಳಗೆ ತಿಳಿಸಿ ಎಂದಿತ್ತು. ಅವರು ಕಾಗದವನ್ನು ನನ್ನ ಮುಂದಿಟ್ಟು, "ಕರೆದಿದ್ದಾರೆ" ಎಂದಷ್ಟೇ ಹೇಳಿದರು.

ಹೋಗಬೇಡಿ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ನನ್ನದೊಂದು ಹಾಳು ಹಟ, ಹೋಗುವುದಿಲ್ಲ ಎಂದು ಅವರೇ ಹೇಳಲಿ ಎಂದು. "ಒಳ್ಳೇದೇ ಆಯ್ತಲ್ಲ" ಎಂದೆ. ಸಾಲದ್ದಕ್ಕೆ ಆ ಕಾಗದದಲ್ಲಿದ್ದ ಎರಡು ಅಕ್ಷರತಪ್ಪುಗಳನ್ನೂ ಎತ್ತಿ ತೋರಿಸಿದೆ. ಅವರು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು. ಆ ದಿನ ಉಳಿದ ಹೊತ್ತೆಲ್ಲ ಪ್ರಾರ್ಥನೆಯ ಪುಸ್ತಕವೊಂದರ ವಿಷಯಸೂಚಿ ಓದಿದೆವು.

ಆ ವಾರ ನಮ್ಮ ಮೇಜಿಗೆ ಬಂದದ್ದು ಒಬ್ಬ ನಿವೃತ್ತ ಪಾದ್ರಿ, ನಮ್ಮ ಬಾಯಲ್ಲಿ ಅಯ್ಯನವರು, ಬರೆದ ಪುಸ್ತಕ. ನಲವತ್ತೊಂದು ವರ್ಷ ಸಭೆಗಳಲ್ಲಿ ಪ್ರಸಂಗ ಮಾಡಿದವರು, ಪ್ರಸಂಗ ಬರೆಯುವ ಕಿರಿಯರಿಗಾಗಿ ತಮ್ಮ ಅನುಭವವನ್ನೆಲ್ಲ ಬರೆದಿಟ್ಟಿದ್ದರು. ಕಣ್ಣಿನ ಆಪರೇಷನ್ ಆಗಿದ್ದರಿಂದ ಪ್ರೂಫನ್ನು ನಾನು ನೋಡಲಾರೆ, ನೀವಿಬ್ಬರು ನೋಡಿದರೆ ಅದೇ ಹೆಚ್ಚು ಎಂದು ಹೇಳಿ ಕಳಿಸಿದ್ದರು. ಆ ಮಾತಿಗೆ ನಾನು ಉಬ್ಬಿಹೋಗಿದ್ದೆ.

ಶನಿವಾರ ಮಧ್ಯಾಹ್ನ ಐದನೆಯ ಅಧ್ಯಾಯ ಓದುತ್ತಿದ್ದೆವು. ಯಾರಿಗಾಗಿ ಬರೆಯುತ್ತೀರಿ ಎಂಬುದು ಅದರ ಹೆಸರು. "ಪ್ರಸಂಗ ಬರೆಯುವಾಗ ಇಡೀ ಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ ಪೂರ್ಣ ಒಬ್ಬರನ್ನು ತಂದುಕೊಳ್ಳಿ ಪೂರ್ಣ ಆ ಒಬ್ಬರಿಗೆ ಮುಟ್ಟಿದ್ದು ಉಳಿದವರಿಗೂ ಮುಟ್ಟುತ್ತದೆ ಪೂರ್ಣ" ಎಂದು ಓದಿ ಅವರು ತುಸು ನಿಂತರು. ಆಮೇಲೆ ಅದೇ ದನಿಯಲ್ಲಿ ಓದಿದರು: "ನಾನು ಹದಿನಾಲ್ಕು ವರ್ಷಗಳಿಂದ ಒಬ್ಬರಿಗಾಗಿಯೇ ಓದುತ್ತಿದ್ದೇನೆ ಅಲ್ಪ ಅವರು ಇರಿ ಎಂದರೆ ಎಲ್ಲಿಗೂ ಹೋಗುವುದಿಲ್ಲ ಪೂರ್ಣ."

ನನ್ನ ಬೆರಳು ಹಾಳೆಯ ಮೇಲೆ ಆ ಸಾಲನ್ನು ಹುಡುಕಿತು. ಇರಲಿಲ್ಲ. ನಮ್ಮಲ್ಲಿ ಟೈಪ್ ಮಾಡುವ ಮಹಾನುಭಾವ ಸಾಲು ನುಂಗುವುದರಲ್ಲಿ ಹೆಸರುವಾಸಿ, ವಾರಕ್ಕೆ ಮೂರಾದರೂ ನುಂಗುತ್ತಾನೆ. ನನಗೆ ರೇಗಿತು.

"ಮತ್ತೆ ಒಂದು ಸಾಲು ನುಂಗಿದಾನೆ ನೋಡಿ. ಇನ್ನೊಂದ್ಸಲ ನಿಧಾನವಾಗಿ ಹೇಳಿ, ಬರ್ಕೋತೀನಿ."

ಅವರು ನನ್ನನ್ನು ನೋಡಿದರು. ನಾನು ಹಾಳೆಯನ್ನು ನೋಡುತ್ತಿದ್ದೆ. ಅವರು ಒಂದೊಂದೇ ಪದ ಬಿಡಿಸಿ ಹೇಳಿದರು, ನಾನು ಒಂದೊಂದೇ ಪದ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡೆ. ಅಲ್ಪವಿರಾಮ "ಓದುತ್ತಿದ್ದೇನೆ" ಆದಮೇಲೆ ತಾನೇ ಎಂದೂ ಕೇಳಿದೆ. ಹೌದು ಎಂದರು. "ಆಯ್ತು" ಎಂದೆ. ಅವರು ಮುಂದಿನ ಪ್ಯಾರಾ ಶುರುಮಾಡಲಿಲ್ಲ. ಗಂಟಲು ಒಣಗಿರಬೇಕೆಂದು ನೀರಿನ ಲೋಟ ಅವರತ್ತ ತಳ್ಳಿದೆ. ಅವರು ಕುಡಿದು, ಬಾಯಿ ಒರೆಸಿಕೊಂಡು, ಅಧ್ಯಾಯದ ಕೊನೆಯವರೆಗೂ ತಡೆಯಿಲ್ಲದೆ ಓದಿ ಮುಗಿಸಿದರು.

ಸೋಮವಾರ ಅವರು ಶಾಲೆಗೆ ಒಪ್ಪಿಗೆ ಬರೆದು ಕಳಿಸಿದರು. ಹದಿನೈದು ದಿನದಲ್ಲಿ ಹೊರಟೂ ಹೋದರು. ಬಾಗಿಲಲ್ಲಿ ನಿಂತು, "ಕತ್ತು ನೋಡ್ಕೊಳ್ಳಿ" ಎಂದರು. ನಾನು ತಲೆಯಾಡಿಸಿದೆ. ಇಷ್ಟು ವರ್ಷ ಎದುರಿಗೆ ಕೂತವರು ಒಂದು ಮಾತೂ ಹೇಳದೆ ಹೋದರಲ್ಲ ಎಂದು ನನಗೆ ಹೊಟ್ಟೆ ಉರಿದುಹೋಗಿತ್ತು. ಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ತೊಳೆದೆ, ಒಂದು ಲೋಟ ಒಡೆದೆ, ಅಕ್ಕನ ಮೇಲೆ ಎಗರಾಡಿದೆ. ಅಕ್ಕ ಒಡೆದ ಚೂರುಗಳನ್ನು ಗುಡಿಸಿದಳು.

ಎರಡನೆಯ ಪ್ರೂಫ್ ನಾನೊಬ್ಬಳೇ ನೋಡಿದೆ. ಅದಕ್ಕೆ ಓದುವವರು ಬೇಡ, ಹಿಂದೆ ತಿದ್ದಿದ್ದೆಲ್ಲ ಸರಿಯಾಗಿ ಬಂದಿದೆಯೇ ಎಂದು ಹೋಲಿಸಿದರೆ ಸಾಕು. ಆ ಸಾಲು ಅದರ ಜಾಗದಲ್ಲಿ ಚೆನ್ನಾಗಿ ಕೂತಿತ್ತು. ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಎದುರಿನ ಖಾಲಿ ಕುರ್ಚಿಯ ಮೇಲೆ ಯಾರೋ ಕಾಗದದ ಕಟ್ಟುಗಳನ್ನು ಪೇರಿಸಿದ್ದರು. ದಿನಕ್ಕೆರಡು ಸಲ ಅವನ್ನು ತೆಗೆದು ಕೆಳಗಿಡುತ್ತಿದ್ದೆ, ಮತ್ತೆ ಯಾರೋ ಪೇರಿಸುತ್ತಿದ್ದರು.

ಮೂರು ತಿಂಗಳಿಗೆ ಪುಸ್ತಕ ಹೊರಬಂತು. ಅದಾಗಿ ಒಂದು ವಾರಕ್ಕೆ ಅಯ್ಯನವರು ಸ್ವತಃ ಪ್ರೆಸ್ಸಿಗೆ ಬಂದು, ಯಜಮಾನರ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು, ನೂರ ಹನ್ನೆರಡನೆಯ ಪುಟದ ಈ ಸಾಲು ತಮ್ಮದಲ್ಲ ಎಂದರು. ಎತ್ತರದ ಮನುಷ್ಯ, ಪೀಠದ ಮೇಲೆ ನಿಂತರೆ ಸಭೆ ನಡುಗಿಸುವಂಥ ದನಿ, ಆದರೆ ಅಂದು ಮುಖ ಸಣ್ಣದಾಗಿತ್ತು. ವಿಷಯ ಇಷ್ಟು: ಪುಸ್ತಕವನ್ನು ಅವರ ಹೆಂಡತಿ, ನಮಗೆಲ್ಲ ಅಮ್ಮನವರು, ಮನೆಯಲ್ಲಿ ಓದಿದ್ದಾರೆ. ಆ ಸಾಲಿಗೆ ಬಂದು ನಿಂತಿದ್ದಾರೆ. ಹದಿನಾಲ್ಕು ವರ್ಷದಿಂದ ಯಾರಿಗಾಗಿ ಓದುತ್ತಿದ್ದೀರಿ ಎಂದು ಕೇಳಿದ್ದಾರೆ. ಲೆಕ್ಕ ಹಾಕಿದರೆ, ಹದಿನಾಲ್ಕು ವರ್ಷದ ಹಿಂದೆ ಅಯ್ಯನವರು ಹೊಸ ಚರ್ಚಿಗೆ ವರ್ಗವಾಗಿದ್ದರು. ಅಲ್ಲಿ ಗಾಯನದ ಗುಂಪು ನಡೆಸುತ್ತಿದ್ದ ಒಬ್ಬ ಟೀಚರಮ್ಮ ಇದ್ದರು, ಮೊದಲ ಸಾಲಿನಲ್ಲಿ ಕೂರುತ್ತಿದ್ದರು.

"ನಲವತ್ತೊಂದು ವರ್ಷ ನನ್ನ ಪ್ರಸಂಗ ಕೇಳಿದೋಳು, ಮೂರು ದಿನದಿಂದ ನನ್ನ ಒಂದು ಮಾತೂ ಕೇಳ್ತಿಲ್ಲ" ಎಂದರು ಅಯ್ಯನವರು.

ಯಜಮಾನರಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡರು. ನನಗೆ ಬರಲಿಲ್ಲ. ಹಸ್ತಪ್ರತಿ ತೆಗೆಯಲು ಬೀರುವಿನತ್ತ ನಡೆದೆ. ಮೂರು ತಿಂಗಳು ಗೊತ್ತಾಗದೇ ಇದ್ದದ್ದು ಆ ಒಂದು ಕ್ಷಣದಲ್ಲಿ ಗೊತ್ತಾಯಿತು. ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ. "ಮುಟ್ಟುತ್ತದೆ" ಎಂಬಲ್ಲಿಗೆ ಪ್ಯಾರಾ ಮುಗಿದಿತ್ತು. ಮೊದಲ ಪ್ರೂಫಿನ ಅಂಚಿನಲ್ಲಿ ಮಾತ್ರ ನನ್ನದೇ ಕೆಂಪು ಅಕ್ಷರಗಳು, ಅಲ್ಪವಿರಾಮ ಸಮೇತ.

ಅವರು ನನ್ನನ್ನು ಕೇಳಿದ್ದರು. ತಮಗೆ ಬರುತ್ತಿದ್ದ ಒಂದೇ ದಾರಿಯಲ್ಲಿ, ಬೇರೊಬ್ಬರ ಪುಸ್ತಕದ ಮರೆಯಲ್ಲಿ ನಿಂತು ಕೇಳಿದ್ದರು. ನಾನು ಅದನ್ನು ಟೈಪ್ ಮಾಡುವವನ ತಪ್ಪೆಂದು ಬೈದು, ಎರಡನೆಯ ಸಲ ಹೇಳಿಸಿ, ಬರೆದುಕೊಂಡು, ಆಯ್ತು ಎಂದಿದ್ದೆ. ಬಾಯಿ ಕಟ್ಟಿಹೋಗುವ ಮನುಷ್ಯ ಅದನ್ನು ಎರಡು ಸಲ ಹೇಳಿದ್ದರು. ಯಜಮಾನರ ಕೋಣೆಯಲ್ಲಿ, ಇಬ್ಬರು ಗಂಡಸರ ಮುಂದೆ, ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ತಪ್ಪು ನನ್ನದು, ಕೇಳಿದ್ದನ್ನು ಬರೆದುಕೊಂಡೆ ಎಂದಷ್ಟೇ ಹೇಳಿದೆ.

ತೀರ್ಮಾನ ಬೇಗ ಆಯಿತು. ಒಂದು, ತಿದ್ದುಪಡಿ ಚೀಟಿ ಅಚ್ಚು ಹಾಕಿ ಪುಸ್ತಕ ಹೋದಲ್ಲೆಲ್ಲ ಕಳಿಸುವುದು. ಇನ್ನೊಂದು, ಅಮ್ಮನವರಿಗೆ ನಾನು ಕಾಗದ ಬರೆದು ನಿಜ ತಿಳಿಸುವುದು. ಚೀಟಿ ನಾನೇ ಬರೆಯಬೇಕಿತ್ತು, ಅದು ನನ್ನ ಕೆಲಸ. "ಪುಟ ನೂರ ಹನ್ನೆರಡು: ಎರಡನೆಯ ಪ್ಯಾರಾದ ಕೊನೆಯ ವಾಕ್ಯವನ್ನು ಬಿಟ್ಟು ಓದಿಕೊಳ್ಳಿ." ಇಷ್ಟು ಬರೆಯಲು ಇಡೀ ಬೆಳಗ್ಗೆ ಹಿಡಿಯಿತು. "ಬಿಟ್ಟು" ಎಂಬಲ್ಲಿ ಕೈ ಮೇಲೇಳುತ್ತಿರಲಿಲ್ಲ.

ಕಾಗದ ಬರೆಯಲು ಕೂತದ್ದು ಭಾನುವಾರ, ಆರಾಧನೆ ಮುಗಿಸಿ ಬಂದ ಮೇಲೆ. ಅಕ್ಕನನ್ನು ಪಕ್ಕದ ಮನೆಗೆ ಅಟ್ಟಿದೆ. ಬರವಣಿಗೆಯ ಬಗ್ಗೆ ಎಷ್ಟು ಪುಸ್ತಕ ತಿದ್ದಿದ್ದೇನೆ! ಮೊದಲ ವಾಕ್ಯ ಚಿಕ್ಕದಿರಲಿ, ವಿಷಯಕ್ಕೆ ನೇರ ಬನ್ನಿ, ಅನಗತ್ಯ ಮಾತು ಹೊಡೆದುಹಾಕಿ. ಆ ಬುದ್ಧಿವಾದಗಳಲ್ಲಿ ಒಂದೂ ಸಹಾಯಕ್ಕೆ ಬರಲಿಲ್ಲ. ನನ್ನದೆಂದು ನಾನು ಅಲ್ಲಿಯವರೆಗೆ ಒಂದು ವಾಕ್ಯವನ್ನೂ ಬರೆದಿರಲಿಲ್ಲ. "ಮಾನ್ಯ ಅಮ್ಮನವರಿಗೆ, ಆ ಸಾಲು ನಿಮ್ಮ ಯಜಮಾನರದಲ್ಲ" ಎಂದು ಶುರುಮಾಡಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪೆನ್ನು ನಿಲ್ಲಲಿಲ್ಲ. ಅವರ ದನಿ, ಪೀಠದಿಂದ ಇಳಿದು ಬಂದದ್ದು, ಜೇಬಿನಲ್ಲೇ ಇದ್ದ ಬಟ್ಟೆ, ನನ್ನ ಹಟ, ಅವರು ಹೋದ ಮೇಲೆ ಪ್ರೆಸ್ಸಿನಲ್ಲಿ ನನ್ನ ಕಿವಿಗೆ ಬೇರೆ ಯಾವ ದನಿಯೂ ಹಿಡಿಸದೇ ಇರುವುದು, ಎಲ್ಲ ಬರೆದೆ. ನಾಲ್ಕು ಪುಟವಾಯಿತು. ಒಂದು ಅಕ್ಷರವನ್ನೂ ತಿದ್ದದೆ ಲಕೋಟೆಗೆ ಹಾಕಿದೆ. ಓದಿದ್ದರೆ ಹರಿದುಹಾಕುತ್ತಿದ್ದೆ.

ಬುಧವಾರ ಅಮ್ಮನವರೇ ಬಂದರು. ಪುಟ್ಟ ಆಕಾರ, ಕೈಯಲ್ಲಿ ದೊಡ್ಡ ಚೀಲ. ಎದುರಿನ ಕುರ್ಚಿಯ ಮೇಲಿನ ಕಟ್ಟುಗಳನ್ನು ತಾವೇ ಕೆಳಗಿಳಿಸಿ ಕೂತರು. ನಾನು ಎದ್ದು ನಿಂತು ಕ್ಷಮೆ ಕೇಳಲು ಬಾಯಿ ತೆರೆದೆ. ಕೂರು ಎಂದು ಕೈ ಮಾಡಿದರು. ಟೀಚರಮ್ಮನ ಮೇಲೆ ಸುಮ್ಮಸುಮ್ಮನೆ ಸಿಟ್ಟಾಗಿದ್ದಕ್ಕೆ ಹೋಗಿ ಕೈಹಿಡಿದು ಮಾತಾಡಿಸಿ ಬಂದೆ, ಪಾಪ ಆಕೆಗೆ ಏನೊಂದೂ ಅರ್ಥವಾಗಲಿಲ್ಲ ಎಂದು ಹೇಳಿ ಒಂದಷ್ಟು ನಕ್ಕರು. ಆಮೇಲೆ ಚೀಲದಿಂದ ನನ್ನ ಲಕೋಟೆ ತೆಗೆದರು.

"ನನ್ನ ಗಂಡ ಸುಳ್ಳು ಹೇಳ್ತಿಲ್ಲ ಅನ್ನೋಕೆ ಎರಡು ಸಾಲು ಸಾಕಿತ್ತು ಕಣಮ್ಮ. ಮೇಲಿರೋ ಹೆಸರು ಮಾತ್ರ ನಂದು, ಒಳಗಿರೋದು ಒಂದಕ್ಷರಾನೂ ನಂಗಲ್ಲ. ಇದನ್ನ ಅವರಿಗೆ ಕಳಿಸಿದ್ಯಾ?"

ಇಲ್ಲ ಎಂದೆ.

"ಅವರು ಹೋಗಿ ಎಷ್ಟು ದಿನ ಆಯ್ತು?"

"ಮೂರು ತಿಂಗಳು ಹನ್ನೊಂದು ದಿನ."

ಅಮ್ಮನವರು ಲಕೋಟೆಯನ್ನು ಪ್ರೂಫಿನ ಹಾಳೆಗಳ ಮೇಲಿಟ್ಟು, ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಎದ್ದುಹೋದರು. ಅಂಚೆಗೆ ಹಾಕಬೇಕೆಂದುಕೊಂಡೆ, ಹಾಕಲಿಲ್ಲ. ಉತ್ತರಕ್ಕೆ ಕಾಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಶನಿವಾರ ಬೆಳಗ್ಗೆ ಮೊದಲ ಬಸ್ಸು ಹತ್ತಿದೆ.

ಶಾಲೆಗೆ ಮುಟ್ಟಿದಾಗ ಹನ್ನೆರಡೂವರೆ. ಉದ್ದನೆಯ ಮೊಗಸಾಲೆ, ಗೋಡೆಯುದ್ದಕ್ಕೂ ಮಕ್ಕಳು ಕೈಯಾಡಿಸಿ ನಡೆಯಲು ಮರದ ಪಟ್ಟಿ, ಅದು ಕೈ ತಾಗಿ ತಾಗಿ ಹೊಳೆಯುತ್ತಿತ್ತು. ಕೊನೆಯ ಕೋಣೆಯ ಬಾಗಿಲ ಮೇಲೆ ದೀಪ ಉರಿಯುತ್ತಿತ್ತು. ದೀಪ ಇರುವಾಗ ಒಳಗೆ ಹೋಗುವಂತಿಲ್ಲ, ಒಂದಕ್ಕೆ ಬರುತ್ತಾರೆ ಎಂದು ಗುಮಾಸ್ತೆ ಹೇಳಿದಳು. ಬಾಗಿಲಿನ ಗಾಜಿನಿಂದ ನೋಡಿದೆ. ಅವರು ಕಿವಿಗೆ ಯಂತ್ರ ಹಾಕಿಕೊಂಡು ಓದು ನಡೆಸಿದ್ದರು. ತುಟಿ ಅಲುಗುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಆ ಅರ್ಧ ಗಂಟೆ ನಾನು ಪಟ್ಟ ಆಸೆ ಇಡೀ ಹದಿನಾಲ್ಕು ವರ್ಷದಲ್ಲಿ ಪಟ್ಟಿರಲಿಲ್ಲ. ಎದುರಿಗೆ ಕೂತು ಒಂದೇ ಒಂದು ಪ್ಯಾರಾ ಕೇಳಿದರೆ ಸಾಕಿತ್ತು, ಈ ಸಲ ಅರ್ಥದ ಸಮೇತ.

ಹೊರಗೆ ಬಂದವರು ನನ್ನನ್ನು ಕಂಡು ಗೋಡೆಯ ಪಟ್ಟಿ ಹಿಡಿದುಕೊಂಡರು. ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ಬರಲಿಲ್ಲ.

"ಆ ಸಾಲು ಅಚ್ಚಾಗಿಬಿಟ್ಟಿದೆ" ಎಂದೆ.

"ಗೊತ್ತು. ಯಜಮಾನರು ಪುಸ್ತಕ ಕಳಿಸಿದ್ರು." ಅವರು ನೆಲ ನೋಡುತ್ತ ಹೇಳಿದರು. "ನೋಡಿ ಎರಡು ದಿನ ನಿದ್ದೆ ಬರ್ಲಿಲ್ಲ. ನೀವು ಬೇಕೂಂತಲೇ ಹಾಗೇ ಉಳಿಸಿರಬೇಕು, ಇದೇ ಉತ್ತರ ಇರಬೇಕು ಅಂದ್ಕೊಂಡೆ. ಊರಿಗೆ ಹೊರಡೋಕೆ ರಜಾನೂ ಬರೆದುಕೊಟ್ಟೆ. ಆಮೇಲೆ ಚೀಟಿ ಬಂತು."

ಬಿಟ್ಟು ಓದಿಕೊಳ್ಳಿ ಎಂಬ ಚೀಟಿ. ನನ್ನದೇ ವಾಕ್ಯ. ಅಲ್ಲಿದ್ದ ಬೆಂಚಿನ ಮೇಲೆ ಕೂತೆ.

"ನಾನು ಬರ್ಕೊಂಡೆ, ಕೇಳಿಸ್ಕೊಳ್ಳಲಿಲ್ಲ" ಎಂದೆ. "ಮೊನ್ನೆ ಅಯ್ಯನವರು ಬಂದು ಹೇಳೋವರೆಗೂ ನಂಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಆ ದಿನಾನೇ ಇರಿ ಅಂತಿದ್ದೆ. ಈಗ ಬಂದು ಏನನ್ನಬೇಕೋ ತಿಳೀತಿಲ್ಲ." ಲಕೋಟೆ ಕೊಟ್ಟೆ. ಅದರ ಮೇಲೆ ಅಮ್ಮನವರ ಹೆಸರು ಹಾಗೇ ಇತ್ತು, ಬದಲಿಸಲು ಮರೆತಿದ್ದೆ. ಅವರು ಹೆಸರು ನೋಡಿದರು, ನನ್ನನ್ನು ನೋಡಿದರು. ನಿಮಗೇ ಎಂದೆ.

ಅವರು ನಿಂತಲ್ಲೇ ನಾಲ್ಕೂ ಪುಟ ಓದಿದರು, ಮನಸ್ಸಿನಲ್ಲಿ. ಇಷ್ಟು ವರ್ಷದಲ್ಲಿ ಅವರು ದನಿಯಿಲ್ಲದೆ ಓದುವುದನ್ನು ನಾನು ನೋಡಿದ್ದು ಅದೇ ಮೊದಲು. ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದರು. ಅಷ್ಟರಲ್ಲಿ ಗಂಟೆ ಬಾರಿಸಿತು, ಎಲ್ಲೋ ಬಾಗಿಲುಗಳು ತೆರೆದು ಮಕ್ಕಳ ಗಲಾಟೆ ಮೊಗಸಾಲೆ ತುಂಬಿತು. ಮಕ್ಕಳ ಊಟದ ಹೊತ್ತು ತಾವು ಜೊತೆಗಿರಬೇಕು, ಆಮೇಲೆ ಮತ್ತೆ ಓದಿಗೆ ಕೂತರೆ ನಾಲ್ಕರವರೆಗೆ ಏಳುವ ಹಾಗಿಲ್ಲ ಎಂದರು. ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ನಾಲ್ಕು ಗಂಟೆವರೆಗೂ ಇರ್ತೀರಾ?"

ಇರುತ್ತೇನೆ ಎಂದೆ. ನಮ್ಮೂರಿಗೆ ಹೋಗುವ ಕೊನೆಯ ಬಸ್ಸು ಮೂರೂವರೆಗೆ ಹೊರಡುತ್ತಿತ್ತು.